ಮೇಣ ಹಚ್ಚಿದ ಮೆಟ್ಟಿಲು

ಲಿಯೊಂತೀನ್ ಕೆರ್ಬ್ರಾ ಸೇಡು ಮರೆಯುವ ಹೆಂಗಸಲ್ಲ. ಬೇರೆ ಹೆಂಗಸರು ತಮ್ಮ ಕೈರುಚಿಯ ಬಗ್ಗೆ ಹೇಳಿಕೊಳ್ಳುವ ಹಾಗೆ ಅವಳು ಅದನ್ನು ಹೇಳಿಕೊಳ್ಳುತ್ತಿದ್ದಳು. ಬೀದಿಯ ತುದಿಯ ಇದ್ದಿಲಂಗಡಿಯವನು ಒಮ್ಮೆ ಒದ್ದೆ ಇದ್ದಿಲು ಕೊಟ್ಟನೆಂದು ಒಂಬತ್ತು ವರ್ಷ ಅವನ ಮುಖ ನೋಡಲಿಲ್ಲ. ಎರಡು ಬೀದಿ ಆಚೆಯಿಂದ ಚೀಲ ಹೊತ್ತು ತಂದಳು, ಅದೂ ಅವನ ಅಂಗಡಿಯ ಮುಂದೆಯೇ, ಅವನಿಗೆ ಕಾಣುವ ಹಾಗೆ. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ಇವಳದ್ದಕ್ಕೆ ಅಂಥ ಗಡುವೇನೂ ಇರಲಿಲ್ಲ.

ಹುಟ್ಟಿದ್ದು ಬ್ರೆತಾನ್ಯದ ಕಡಲ ದಂಡೆಯ ಹಳ್ಳಿಯಲ್ಲಿ. ಹದಿನಾರಕ್ಕೆ ಪ್ಯಾರಿಸ್ಸಿಗೆ ಮನೆಗೆಲಸಕ್ಕೆ ಬಂದಳು, ಇಪ್ಪತ್ತಮೂರಕ್ಕೆ ರೈಲ್ವೆ ಯಾರ್ಡಿನ ಈವ್ ಕೆರ್ಬ್ರಾನನ್ನು ಕಟ್ಟಿಕೊಂಡಳು. ಸಾಂ ಸುಲ್ಪೀಸ್ ಚರ್ಚಿನ ಹಿಂದಿನ ಬೀದಿಯ ಆರು ಮಹಡಿಯ ಕಟ್ಟಡದಲ್ಲಿ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಬಾಗಿಲ ಪಕ್ಕದ ಒಂದೇ ಕೋಣೆ, ಪರದೆಯ ಹಿಂದೆ ಮಂಚ, ಮೆಟ್ಟಿಲ ಕಡೆಗೆ ಒಂದು ಗಾಜಿನ ಕಿಂಡಿ. ಟಪಾಲು ಬಂದರೆ ವಿಂಗಡಿಸಿ ಮನೆ ಮನೆಗೆ ಮುಟ್ಟಿಸಬೇಕು, ಮರದ ಮೆಟ್ಟಿಲು ಗುಡಿಸಿ ಒರೆಸಿ ಹೊಳಪಿಗೆ ಮೇಣ ಹಚ್ಚಿ ಉಜ್ಜಬೇಕು, ಹೊಸಬರು ಬಂದರೆ ಯಾರು ಎತ್ತ ಎಂದು ಕೇಳಬೇಕು. ಎದುರಿಗೆ ಎಲ್ಲರೂ ‘ಮದಾಂ ಕೆರ್ಬ್ರಾ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಕೆಳಗಿನವಳು’. ಎರಡೂ ಅವಳಿಗೆ ಗೊತ್ತಿತ್ತು. ಹದಿನೆಂಟು ವರ್ಷ ಹಾಗೇ ಕಳೆಯಿತು. ಯುದ್ಧ ಬಂತು, ಈವ್ ಕೈದಿಯಾಗಿ ಜರ್ಮನಿಗೆ ಹೋದ, ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಅಲ್ಲೇ ಎದೆಗೆ ಶೀತ ಹಿಡಿದು ಸತ್ತ. ಅಂದಿನಿಂದ ಅವಳು ವಿಧವೆಯ ಕಪ್ಪು ಬಟ್ಟೆಯಲ್ಲೇ ಇದ್ದಳು.

ನಲವತ್ತೇಳರ ವಸಂತದಲ್ಲಿ ಒಂದು ವಿಚಿತ್ರ ಶುರುವಾಯಿತು. ಕಂಡು ಕೇಳರಿಯದ ಹುಡುಗರು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಕಾಲೇಜಿನ ಮಂದಿ, ಬಾಗಿಲಲ್ಲಿ ನಿಂತು ಕಿಂಡಿಯೊಳಗೆ ಇಣುಕತೊಡಗಿದರು.

“ಇವಳೇನಾ?”

“ಇವಳೇ ಕಣೋ. ತಡಿ, ಮೆಟ್ಟಿಲ ಮೇಲೆ ಸದ್ದು ಮಾಡು. ಮುಖ ಇಳಿಸ್ತಾಳಾ ನೋಡೋಣ.”

ಒಬ್ಬ ಧಡಧಡ ನಾಲ್ಕು ಮೆಟ್ಟಿಲು ಹತ್ತಿದ. ಲಿಯೊಂತೀನ್ ಅಭ್ಯಾಸಬಲದಿಂದ ಮುಖ ತಗ್ಗಿಸಿದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಅವಳು ಪೊರಕೆ ಹಿಡಿದು ಹೊರಗೆ ಬರುವಷ್ಟರಲ್ಲಿ ಬೀದಿ ದಾಟಿದ್ದರು.

ಆ ಗುರುವಾರ ಪೆರ್ಲಾ ಬಂದಳು. ಪೆರ್ಲಾ ರೋಝೆನ್‌ಬ್ಲಾಟ್ ಐದನೇ ಮಹಡಿಯಲ್ಲಿದ್ದ ಯೆಹೂದಿ ತುಪ್ಪಳದ ದರ್ಜಿಯ ಮಗಳು. ಪ್ಯಾರಿಸ್ ಜರ್ಮನರ ಕೈಯಲ್ಲಿದ್ದ ನಲವತ್ತಮೂರರ ಫೆಬ್ರವರಿಯಲ್ಲಿ, ಯೆಹೂದಿಗಳನ್ನು ಹಿಡಿದೊಯ್ಯುವ ಪೊಲೀಸರು ಹುಡುಕಿಕೊಂಡು ಬಂದ ದಿನವೇ ಮನೆಮಂದಿಯೆಲ್ಲ ಊರು ಬಿಟ್ಟು ಹಳ್ಳಿಗಾಡಿನಲ್ಲಿ ತಲೆಮರೆಸಿಕೊಂಡು ಉಳಿದುಕೊಂಡಿದ್ದರು. ಈಗ ಅವಳಿಗೆ ಇಪ್ಪತ್ತು ವರ್ಷ. ಅಪ್ಪನ ಜೊತೆ ನಗರದ ಇನ್ನೊಂದು ತುದಿಯಲ್ಲಿದ್ದಳು, ವಾರಕ್ಕೆರಡು ಸಲ ಮೂರನೇ ಮಹಡಿಯ ಮೇಷ್ಟ್ರ ಬರಹಗಳನ್ನು ಟೈಪ್ ಮಾಡಿಕೊಡಲು ಬರುತ್ತಿದ್ದಳು.

ಮೇಷ್ಟ್ರು ಅಂದರೆ ಅರ್ಮಾಂ ವೆಸ್ಸಿಯೇ. ಗಂಡುಹುಡುಗರ ಶಾಲೆಯಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದವರು. ಯುದ್ಧಕ್ಕೆ ಮುಂಚೆ ಅವರನ್ನು ಶಾಲೆಯ ಹುಡುಗರ ಹೊರತು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಯುದ್ಧ ಮುಗಿದದ್ದೇ ತಡ, ಸುತ್ತಲ ಕೆಫೆಗಳಲ್ಲೆಲ್ಲ ಅಸ್ತಿತ್ವವಾದದ ಮಾತು ಎದ್ದಿತು. ಮನುಷ್ಯನಿಗೆ ಹುಟ್ಟಿನಿಂದ ಬಂದ ಹಣೆಬರಹವಿಲ್ಲ, ತನ್ನನ್ನು ತಾನೇ ಮಾಡಿಕೊಳ್ಳಬೇಕು, ನೆಪ ಹೇಳಬಾರದು, ವೇಷ ಹಾಕಬಾರದು. ಹಿಂದಿನ ವರ್ಷ ಮೇಷ್ಟ್ರು ‘ತಾನೇ ಆಗುವುದು’ ಎಂಬ ಪುಸ್ತಕ ಬರೆದರು, ಅದು ಬಿಸಿ ಬ್ರೆಡ್ಡಿನಂತೆ ಖರ್ಚಾಯಿತು.

“ಮದಾಂ, ನೀವೂ ಪುಸ್ತಕದಲ್ಲಿದ್ದೀರ, ಗೊತ್ತಾ?” ಅಂದಳು ಪೆರ್ಲಾ. ಮೇಷ್ಟ್ರು ಇನ್ನೂ ಬಂದಿರಲಿಲ್ಲ, ಅವಳು ಲಿಯೊಂತೀನಳ ಕೋಣೆಯಲ್ಲಿ ಕೂತು ಕಾಯುತ್ತಿದ್ದಳು.

“ನಾನಾ? ಎಲ್ಲಿ, ಓದು.”

ಪೆರ್ಲಾ ಪುಟ ಹುಡುಕಿ ಓದಿದಳು: “ನಮ್ಮ ಕಟ್ಟಡದ ಬಾಗಿಲು ಕಾಯುವ ವಿಧವೆಯನ್ನು ನೋಡಿ. ಅವಳು ದುಃಖಪಡುತ್ತಿಲ್ಲ, ದುಃಖಪಡುವವಳ ಪಾತ್ರ ಮಾಡುತ್ತಿದ್ದಾಳೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಮುಖ ಇಳಿಯುತ್ತದೆ, ಸದ್ದು ದಾಟಿದ ಮೇಲೆ ಏಳುತ್ತದೆ. ಸತ್ತ ಗಂಡನ ತಟ್ಟೆ ಇನ್ನೂ ಮೇಜಿನ ಮೇಲಿದೆ, ಕಿಂಡಿಯಿಂದ ಕಾಣುವ ಕಡೆಗೆ...”

ಅಲ್ಲಿಗೆ ಹುಡುಗಿಗೆ ತಾನು ಏನು ಓದುತ್ತಿದ್ದೇನೆಂದು ಹೊಳೆಯಿತು. ಮುಖ ಕೆಂಪಾಯಿತು. “ಇದು ಬರೀ ಉದಾಹರಣೆ, ಮದಾಂ.”

“ಓದು.”

“‘ಆ ಕಪ್ಪು ಬಟ್ಟೆ ಬಿಚ್ಚಿದರೆ ಒಳಗೆ ಯಾರೂ ಸಿಗಲಿಕ್ಕಿಲ್ಲ.’ ಅಷ್ಟೆ ಮದಾಂ. ನೋಡಿ, ನಮ್ಮ ಕಥೆನೂ ಇದೆ, ಇದನ್ನ ಕೇಳಿ.” ಅವಳು ಗಡಿಬಿಡಿಯಲ್ಲಿ ಮುಂದಕ್ಕೆ ಪುಟ ತಿರುವಿದಳು. ಈ ಪುಟ ಅವಳಿಗೆ ಬಾಯಿಪಾಠವಿತ್ತು. “ಆ ಫೆಬ್ರವರಿಯ ಮಧ್ಯಾಹ್ನ ಮೆಟ್ಟಿಲ ಮೇಲೆ ಪೊಲೀಸರು ನನ್ನನ್ನು ಕೇಳಿದರು. ಐದನೇ ಮಹಡಿಯವರು ಊರು ಬಿಟ್ಟರು ಎಂದೆ. ಆ ಮಾತಿಗೆ ನಾನು ದೇವರನ್ನಾಗಲಿ ಕಾನೂನನ್ನಾಗಲಿ ಆಸರೆ ಮಾಡಿಕೊಳ್ಳಲಿಲ್ಲ. ಅವರು ಹೋದ ಮೇಲೆ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹತ್ತಿ ಹೋಗಿ ಅವರನ್ನು ಎಚ್ಚರಿಸಿದೆ. ಆ ಹೊತ್ತಿನಲ್ಲಿ ನಾನು ನಾನಾದೆ. ಮನುಷ್ಯನೆಂದರೆ ಅವನು ಮಾಡಿದ ಕೆಲಸ. ಅದನ್ನು ಕಳೆದರೆ ಉಳಿಯುವುದು ಸೊನ್ನೆ.” ಪೆರ್ಲಾಳ ಕಣ್ಣು ತುಂಬಿತ್ತು. “ಮೇಷ್ಟ್ರು ಶೂ ಕೈಯಲ್ಲಿ ಹಿಡ್ಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಮದಾಂ. ಬರೀ ಸಾಕ್ಸಲ್ಲಿ.”

ಲಿಯೊಂತೀನ್ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಮುಚ್ಚಿಟ್ಟಳು.

ಆ ದಿನ ಆದದ್ದೇ ಬೇರೆ. ಯುದ್ಧದ ಅಭಾವದಲ್ಲಿ ಅವಳು ಎರಡು ವರ್ಷ ಮೇಣದ ಡಬ್ಬಿಯ ಮುಖ ಕಂಡಿರಲಿಲ್ಲ. ಮಾಲೀಕನ ಗುಮಾಸ್ತ ಬಂದು ಮೂಗು ಮುರಿದು, ಮೆಟ್ಟಿಲು ಹಂದಿಗೂಡಿನ ಹಾಗಿದೆ, ಇನ್ನೊಂದು ಸಲ ಹೀಗೆ ಕಂಡರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಹೆದರಿಸಿದ್ದ. ಹೇಗೋ ಒಂದು ಡಬ್ಬಿ ಗಿಟ್ಟಿಸಿ, ಬೆಳಗಿನ ಐದಕ್ಕೆ ಮಂಡಿಯೂರಿ ಕೂತವಳು ಮಧ್ಯಾಹ್ನದ ಹೊತ್ತಿಗೆ ಆರನೇ ಮಹಡಿಯಿಂದ ಕೆಳಗಿನವರೆಗೆ ಹಚ್ಚಿ ಮುಗಿಸಿದ್ದಳು. ನಡು ನೆಟ್ಟಗಾಗುತ್ತಿರಲಿಲ್ಲ. ಆಗ ಇಬ್ಬರು ಪೊಲೀಸರು ಬಂದರು, ಬೂಟಿನ ತುಂಬ ಹಿಮದ ರಾಡಿ. “ರೋಝೆನ್‌ಬ್ಲಾಟ್, ಐದನೇ ಮಹಡಿ?” ಅನ್ನುತ್ತ ಒಬ್ಬ ಮೊದಲ ಮೆಟ್ಟಿಲಿಗೆ ಕಾಲು ಎತ್ತಿದ. ಅವಳ ಪಿತ್ತ ನೆತ್ತಿಗೇರಿತು. “ಅಲ್ಲಿ ಯಾರೂ ಇಲ್ಲ! ಭಾನುವಾರನೇ ಹೇಳದೆ ಕೇಳದೆ ಓಡಿಹೋದ್ರು, ಕಸದ ಬುಟ್ಟಿನೂ ಕೆಳಗೆ ಇಳಿಸ್ಲಿಲ್ಲ, ಹಾಳಾದವರು!” ಎಂದು ಕಿರುಚಿದಳು. ಆ ಸಿಟ್ಟು ಅಪ್ಪಟ ಸಿಟ್ಟು. ಪೊಲೀಸರು ನಂಬಿ ಹೊರಟುಹೋದರು. ಐದು ನಿಮಿಷಕ್ಕೆ ಶಾಲೆಯಿಂದ ಮೇಷ್ಟ್ರು ಬಂದರು. “ಮೇಲಿನವರಿಗೆ ಹೇಳಿ, ಪೊಲೀಸ್ನೋರು ಬಂದಿದ್ರು, ನಾನು ಇಲ್ಲ ಅಂದು ಕಳಿಸಿದೆ ಅಂತ. ಶೂ ಬಿಚ್ಚಿ ಹೋಗಿ, ಮೇಣ ಹಸಿ ಇದೆ,” ಅಂದಳು. ಅವರು ಬಿಚ್ಚಿ ಕೈಯಲ್ಲಿ ಹಿಡಿದು ಹತ್ತಿದರು.

ಅಷ್ಟೇ. ಬೀದಿನಾಯಿಯನ್ನು ಹಚಾ ಎಂದು ಅಟ್ಟಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಅದನ್ನು ಮರೆತೇಬಿಟ್ಟಿದ್ದಳು. ರೋಝೆನ್‌ಬ್ಲಾಟರು ಮೇಷ್ಟ್ರನ್ನೇ ದೇವರೆಂದುಕೊಂಡದ್ದು ಅವಳಿಗೆ ತಿಳಿದಿರಲಿಲ್ಲ. ಈಗ, ಪೆಟ್ಟಿಗೆ ಕಳುವಾದ ಮೇಲೆ ಅದರಲ್ಲಿ ಚಿನ್ನವಿತ್ತೆಂದು ಗೊತ್ತಾದ ಹಾಗಾಯಿತು.

ಆ ಮೇಷ್ಟ್ರ ಶಾಸ್ತ್ರದ ಪ್ರಕಾರ ಮನುಷ್ಯ ಅಂದರೆ ಅವನು ಮಾಡಿದ ಕೆಲಸ. ಅವಳ ಐವತ್ತು ವರ್ಷದ ಬಾಳಿನಲ್ಲಿ ಎಣಿಸಬಹುದಾದ ಕೆಲಸ ಒಂದೇ. ಅದನ್ನು ಎತ್ತಿಕೊಂಡು ತನ್ನ ಕೋಟಿಗೆ ಪದಕದಂತೆ ಸಿಕ್ಕಿಸಿಕೊಂಡು, ಅವಳ ಪಾಲಿಗೆ ಒಳಗೆ ಯಾರೂ ಇಲ್ಲದ ಕಪ್ಪು ಬಟ್ಟೆಯನ್ನು ಬಿಟ್ಟಿದ್ದ. ಆಚಾರ ಹೇಳುವುದು, ಬದನೇಕಾಯಿ ತಿನ್ನುವುದು! ಅದಕ್ಕಿಂತ ಉರಿದದ್ದು ಇನ್ನೊಂದು: ಬಟ್ಟೆಯ ಬಗ್ಗೆ ಅವನು ಬರೆದದ್ದು ನಿಜವಾಗಿತ್ತು. ಈವ್ ಕುಡುಕ. ಕುಡಿದ ದಿನ ಬೆಲ್ಟು ಬಿಚ್ಚುತ್ತಿದ್ದ. ಅವನು ಸತ್ತನೆಂಬ ಕಾಗದ ಬಂದ ದಿನ ಅವಳು ಬಾಗಿಲು ಹಾಕಿಕೊಂಡು, ವರ್ಷಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದ್ದಳು. ಮಾರನೆಯ ದಿನ ಕಪ್ಪು ಉಟ್ಟಳು, ಕಟ್ಟಡದವರು ಕಪ್ಪನ್ನೇ ನೋಡಲು ಬಯಸಿದ್ದರು. ಈಗ ಉಟ್ಟರೆ ಮೇಷ್ಟ್ರು ಹೇಳಿದ್ದು ನಿಜ, ಬಿಚ್ಚಿದರೂ ಅವನು ಹೇಳಿದ್ದೇ ನಿಜ. ಎತ್ತ ಹೋದರೂ ಅವನೇ ಗೆಲ್ಲುತ್ತಿದ್ದ.

ಅವಳು ಸಣ್ಣದರಿಂದ ಶುರುಮಾಡಿದಳು. ಮೂರನೇ ಮಹಡಿಯ ಕಾಗದಗಳು ಎರಡು ದಿನ ತಡವಾಗಿ ತಲುಪಿದವು. ಮೆಟ್ಟಿಲು ಒರೆಸುವಾಗ ಮೇಷ್ಟ್ರ ಬಾಗಿಲ ಮುಂದಿನ ಜಾಗ ಮಾತ್ರ ಧೂಳಿನಲ್ಲಿ ಉಳಿಯಿತು. ಅವರು ಊಟಕ್ಕೆ ಕೂರುವ ಹೊತ್ತು ನೋಡಿ, ಬಂದ ವಿದ್ಯಾರ್ಥಿಗಳನ್ನೆಲ್ಲ “ಇದ್ದಾರೆ, ಹೋಗಿ ಹೋಗಿ, ನಿಮಗೇ ಕಾಯ್ತಿದ್ದಾರೆ” ಎಂದು ಮೇಲೆ ಅಟ್ಟಿದಳು.

ಒಂದು ದಿನ ಮೇಷ್ಟ್ರು ಕಿಂಡಿಯ ಹತ್ತಿರ ಬಂದರು. “ಮದಾಂ, ನನ್ನ ಕಾಗದಗಳು?”

“ಇವೆ ಮೇಷ್ಟ್ರೇ.”

“ಮತ್ತೆ ತಂದುಕೊಡಲಿಲ್ಲ?”

“ಇವತ್ತು ತರಬಾರದು ಅಂತ ನಾನು ಆರಿಸ್ಕೊಂಡೆ. ನೆಪ ಹೇಳೋದು ತಪ್ಪಲ್ವಾ, ಅದಕ್ಕೆ ಕಾಲುನೋವು ಅನ್ನಲಿಲ್ಲ.”

ಅವರು ಒಂದು ಕ್ಷಣ ನೋಡಿ, ಮಗುವಿನ ತುಂಟತನಕ್ಕೆ ನಕ್ಕಂತೆ ನಕ್ಕು, ಕಾಗದ ಎತ್ತಿಕೊಂಡು ಹೋದರು. ಆ ನಗೆ ಅವಳನ್ನು ಸುಟ್ಟಿತು. ಸಣ್ಣ ಸೇಡು ಸಾಲದು ಎಂದು ಆಗಲೇ ತೀರ್ಮಾನವಾಯಿತು.

ಪಕ್ಕದ ಕಟ್ಟಡದ ಬಾಗಿಲು ಕಾಯುವವಳು ಸೆಲೆಸ್ತ್. ಸ್ಥೂಲ ದೇಹ, ಗಂಡುದನಿ, ಲಿಯೊಂತೀನಳಿಗೆ ಇದ್ದ ಒಬ್ಬಳೇ ಗೆಳತಿ. ಅವಳಿಗೆ ಎಲ್ಲ ಹೇಳಿದಳು, ಮೇಣದ ವಿಷಯವನ್ನೂ.

“ಶನಿವಾರ ಅವನ ಭಾಷಣ ಇದೆಯಲ್ಲೇ, ಗೋಡೆಗೆಲ್ಲ ಕಾಗದ ಅಂಟಿಸಿದಾರೆ,” ಅಂದಳು ಸೆಲೆಸ್ತ್. “ಅಲ್ಲೇ ಎದ್ದು ನಿಂತು ಕೇಳು. ಮಾನ ಹರಾಜಾಗ್ಲಿ. ಆದ್ರೆ ಮೇಣ ಗೀಣ ಅಂತ ಬಾಯಿ ಬಿಟ್ಟೀಯ, ಹುಷಾರು! ಫ್ರಾನ್ಸಿಗೋಸ್ಕರ ಹೇಳಿದೆ ಅನ್ನು. ಆ ಮಕ್ಕಳ ಮುಖ ನೋಡಿ ಕರುಳು ಚುರ್ ಅಂತು ಅನ್ನು. ಜನ ಕಣ್ಣೀರು ಹಾಕ್ತಾರೆ.”

“ಫ್ರಾನ್ಸಿಗೋಸ್ಕರ,” ಎಂದು ಲಿಯೊಂತೀನ್ ಹೇಳಿ ನೋಡಿದಳು. ಬಾಯಿಗೆ ಸರಿಯಾಗಿ ಕೂರಲಿಲ್ಲ. ಮೂರು ದಿನ ಮೆಟ್ಟಿಲು ಗುಡಿಸುತ್ತ ಅದನ್ನೇ ಅಭ್ಯಾಸ ಮಾಡಿದಳು.

ಶನಿವಾರ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಹಿಂದಿನ ಸಾಲಿನಲ್ಲಿ ಆ ಸುತ್ತಿನ ಆರು ಕಟ್ಟಡಗಳ ಬಾಗಿಲು ಕಾಯುವ ಹೆಂಗಸರು ಹೆಣಿಗೆ ಹಿಡಿದು ಸಾಲಾಗಿ ಕೂತಿದ್ದರು, ಸೆಲೆಸ್ತ್ ದಂಡು ಕಟ್ಟಿಕೊಂಡೇ ಬಂದಿದ್ದಳು. ಪೆರ್ಲಾ ಎರಡನೇ ಸಾಲಿನಲ್ಲಿದ್ದಳು. ಮೇಷ್ಟ್ರು ಒಂದು ಗಂಟೆ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಪ್ರಶ್ನೆಗಳಿದ್ದರೆ ಕೇಳಿ ಅಂದಾಗ ಲಿಯೊಂತೀನ್ ಎದ್ದಳು.

“ನಮ್ಮ ಕಟ್ಟಡದ ಮದಾಂ ಕೆರ್ಬ್ರಾ!” ಅಂದರು ಮೇಷ್ಟ್ರು. ಹುಡುಗರ ಸಾಲಿನಲ್ಲಿ ಕಿಸಕ್ ಎಂದು ನಗು ಎದ್ದಿತು. “ಕೇಳಿ ಮದಾಂ.”

“ಪೊಲೀಸರು ನಿಮ್ಮನ್ನ ಎಲ್ಲಿ ಕೇಳಿದ್ರು, ಮೇಷ್ಟ್ರೇ?”

“ಮೆಟ್ಟಿಲ ಮೇಲೆ. ಬರೆದಿದ್ದೀನಲ್ಲ.”

“ಪ್ಯಾರಿಸ್ಸಲ್ಲಿ ಯಾವ ಪೊಲೀಸ್ನೋನು ಕೆಳಗಿನೋಳನ್ನ ಕೇಳದೆ ಮೆಟ್ಟಿಲು ಹತ್ತಿದಾನ್ರೀ?” ಎಂದು ಸೆಲೆಸ್ತ್ ಕೂತಲ್ಲಿಂದಲೇ ಗುಡುಗಿದಳು. ಹೆಣಿಗೆಯ ಸಾಲೆಲ್ಲ “ಅದೇ ಮತ್ತೆ!” ಎಂದಿತು. ಸಭೆಯಲ್ಲಿ ಅರ್ಧ ಜನ ತಿರುಗಿ ನೋಡಿದರು, ಎಲ್ಲರೂ ಇಂಥ ಕಟ್ಟಡಗಳಲ್ಲೇ ಇರುವವರು.

“ನನ್ನನ್ನ ಕೇಳಿದ್ರು,” ಅಂದಳು ಲಿಯೊಂತೀನ್. “ಇಲ್ಲ ಅಂದಿದ್ದು ನಾನು. ನೀವಿನ್ನೂ ಶಾಲೆಯಿಂದಲೇ ಬಂದಿರಲಿಲ್ಲ.”

ಮೇಷ್ಟ್ರ ಮುಖ ಬಿಳಿಚಿತು, ಆದರೆ ನಾಲಿಗೆ ಪಳಗಿದ್ದು. “ಭಯದ ದಿನಗಳು ಮದಾಂ, ನೆನಪುಗಳು ಬೆರೆತುಹೋಗುತ್ತವೆ. ಇರಲಿ, ನೀವೇ ಹೇಳಿದಿರಿ ಅಂತಲೇ ಇಟ್ಟುಕೊಳ್ಳೋಣ. ಯಾಕೆ ಹೇಳಿದಿರಿ? ಅದನ್ನು ಈ ಸಭೆಗೆ ತಿಳಿಸಿ.”

‘ಫ್ರಾನ್ಸಿಗೋಸ್ಕರ’ ನಾಲಿಗೆಯ ತುದಿಯಲ್ಲಿತ್ತು. ಅಂದಿದ್ದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಮೇಷ್ಟ್ರು ಇಳಿದು ಬಂದು ಕೈ ಕುಲುಕಿ, ‘ನಾವಿಬ್ಬರೂ ಸೇರಿ ಉಳಿಸಿದೆವು’ ಅನ್ನುತ್ತಿದ್ದರು. ಅವಳಿಗೆ ಅದು ಸ್ಪಷ್ಟವಾಗಿ ಕಂಡಿತು. ಈ ಮನುಷ್ಯನ ಜೊತೆ ಅರ್ಧರ್ಧ ಹಂಚಿಕೊಳ್ಳುವುದೇ? ಸಾಧ್ಯವಿಲ್ಲ. ಪೂರ್ತಿ ಬೇಕಿದ್ದರೆ ಅದಿದ್ದ ಹಾಗೆಯೇ, ಕೊಳಕಾಗಿಯೇ ತೆಗೆದುಕೊಳ್ಳಬೇಕಿತ್ತು.

“ನೀವು ಶೂ ಯಾಕೆ ಬಿಚ್ಚಿದ್ರಿ ಮೇಷ್ಟ್ರೇ?”

“ಸದ್ದಾಗಬಾರದು ಅಂತ.”

“ಪೊಲೀಸರು ಹೋಗಿಯಾಗಿತ್ತಲ್ಲ. ಇನ್ಯಾರಿಗೆ ಕೇಳಬಾರದಿತ್ತು?”

ಮೇಷ್ಟ್ರು ಮೇಜಿನ ಮೇಲಿದ್ದ ತಮ್ಮ ಹಾಳೆಗಳತ್ತ ನೋಡಿದರು.

“ನಾನು ಬಿಚ್ಚಿಸ್ದೆ. ಮೇಣ ಹಸಿ ಇತ್ತು. ಬೆಳಿಗ್ಗೆ ಐದರಿಂದ ಮಂಡಿ ಸವೆಸಿ ಹಚ್ಚಿದ್ದೆ, ಆ ಪೊಲೀಸ್ನೋರ ಬೂಟು ನೋಡಿ ಮೈ ಉರೀತು. ಹತ್ತಬಾರದು ಅಂತ ಇಲ್ಲ ಅಂದೆ. ಫ್ರಾನ್ಸೂ ಇಲ್ಲ, ಗೀನ್ಸೂ ಇಲ್ಲ. ಆಮೇಲೆ ನಿಮ್ಮನ್ನ ಸಾಕ್ಸಲ್ಲಿ ಕಳಿಸ್ದೆ.” ದನಿ ಏರಿತ್ತು. “ಗಂಡನ ವಿಷಯ ನೀವು ಬರೆದಿದ್ದು ನಿಜ. ಅವನು ಸತ್ತಾಗ ನಂಗೆ ಖುಷಿಯಾಯ್ತು. ಕಪ್ಪು ಉಟ್ಟಿದ್ದು ನಿಮ್ಮೆಲ್ಲರ ಕಣ್ಣಿಗೆ. ಅದು ನಂದು, ಒಪ್ಕೋತೀನಿ. ಹಾಗೇ ಇದೂ ನಂದು. ವಾಪಸ್ ಕೊಡಿ.”

ಹೆಣಿಗೆ ಸೂಜಿಗಳೂ ನಿಂತಿದ್ದವು. ಸುಳ್ಳು ಹೇಳುವವಳು ತನ್ನನ್ನು ಇಷ್ಟು ಕೀಳಾಗಿ ತೋರಿಸಿಕೊಳ್ಳುವುದಿಲ್ಲ ಎಂದು ಅಲ್ಲಿದ್ದ ದಡ್ಡನಿಗೂ ತಿಳಿಯಿತು. ಎರಡನೇ ಸಾಲಿನಲ್ಲಿ ಪೆರ್ಲಾ ಎದ್ದು ನಿಂತಿದ್ದಳು.

“ಸರ್, ಹೌದಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದನ್ನು ಮತ್ತೆ ಹಾಕಿಕೊಳ್ಳದೆ, “ಮೇಲೆ ಹತ್ತಿದ್ದಂತೂ ನಾನೇ,” ಅಂದರು. ಮುಂದಿನ ಸಾಲಿನವರಿಗಷ್ಟೇ ಕೇಳಿಸುವ ದನಿ.

“ಹತ್ತಿದ್ದು ನೀವೇ. ಅಷ್ಟೇ ಬರೀಬೇಕಿತ್ತು,” ಎಂದು ಲಿಯೊಂತೀನ್ ಕೂತಳು.

ಮುಖ ಇಳಿಸುವ ಆಟ ಕಟ್ಟಿದ್ದ ಹುಡುಗರೇ ಮೊದಲು ಶಿಳ್ಳೆ ಹೊಡೆದದ್ದು, ಈ ಸಲ ಮೇಷ್ಟ್ರಿಗೆ. ಅವರು ಹಿಂದಿನ ಬಾಗಿಲಿನಿಂದ ಹೋದರು. ಸೇಡು ಕಹಿ, ತೀರಿಸಿಕೊಂಡ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದು ಪಾದ್ರಿಗಳು ಹೇಳುತ್ತಾರಲ್ಲ, ಶುದ್ಧ ಸುಳ್ಳು. ಲಿಯೊಂತೀನಳಿಗೆ ಅದು ಜೇನಿನಷ್ಟು ಸಿಹಿಯಾಗಿತ್ತು. ಸೆಲೆಸ್ತಳ ಕೋಣೆಯಲ್ಲಿ ಸಾಸೇಜ್ ಹುರಿದು ತಿಂದು, ಒಂದು ಬಾಟಲಿ ಕೆಂಪು ವೈನ್ ಮುಗಿಸಿ, ಮೇಷ್ಟ್ರು ಕನ್ನಡಕ ಒರೆಸಿದ್ದನ್ನು ನಾಲ್ಕು ಸಲ ನಟಿಸಿ ತೋರಿಸಿದಳು.

“ಮೇಣದ ವಿಷಯ ಹೇಳಬೇಡ ಅಂದಿದ್ನಲ್ಲೇ, ಕತ್ತೆ!” ಎಂದು ಸೆಲೆಸ್ತ್ ನಗುತ್ತ ಅವಳ ಬೆನ್ನಿಗೆ ಗುದ್ದಿದಳು.

ಮಾರನೆಯ ಬೆಳಿಗ್ಗೆ ಪೆರ್ಲಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಿದ್ದೆ ಮಾಡಿದ ಮುಖವಲ್ಲ. ಲಿಯೊಂತೀನ್ ಅವಳನ್ನು ಒಳಗೆ ಕರೆದು ಕುರ್ಚಿ ಎಳೆದಳು. ಹುಡುಗಿ ತಬ್ಬಿಕೊಳ್ಳಬಹುದು, ಥ್ಯಾಂಕ್ಸ್ ಹೇಳಬಹುದು ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಯಾಕೆ ಕಾಯಬಾರದು? ಆ ಥ್ಯಾಂಕ್ಸ್ ಅವಳ ಪಾಲಿನದು ತಾನೆ.

“ಮದಾಂ, ಅವತ್ತು ನೀವು ಮೇಣ ಹಚ್ಚಿರದಿದ್ದರೆ?”

ಲಿಯೊಂತೀನ್ ಪೊರಕೆಯನ್ನು ಮೂಲೆಗೆ ಒರಗಿಸಿದಳು.

“ಹೇಳಿ. ಮೆಟ್ಟಿಲು ಯಾವಾಗಿನ ಹಾಗೆ ಕೊಳಕಾಗಿ ಇದ್ದಿದ್ದರೆ ಏನು ಹೇಳ್ತಿದ್ರಿ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ, ಮಗಳೇ. ಮೇಲಿದ್ದಾರೆ, ಹೋಗಿ ಅಂದುಬಿಡ್ತಿದ್ನೋ ಏನೋ. ಎಷ್ಟೋ ಕಟ್ಟಡದಲ್ಲಿ ನನ್ನಂಥೋರು ಹಾಗೇ ಅಂದ್ರು.”

“ನಮ್ಮಪ್ಪ ಶನಿವಾರ ಶನಿವಾರ ಪ್ರಾರ್ಥನೇಲಿ ಮೇಷ್ಟ್ರ ಹೆಸರು ಹೇಳ್ತಾರೆ. ಲೋಕದಲ್ಲಿ ಒಬ್ಬ ಮನುಷ್ಯನಾದ್ರೂ ನಮ್ಮನ್ನ ಮನುಷ್ಯರು ಅಂದ್ಕೊಂಡ ಅಂತ ಅವರು ಉಸಿರಾಡ್ತಿರೋದು. ಈಗ ಹೋಗಿ ಏನು ಹೇಳಲಿ? ನಮ್ಮನ್ನ ಉಳಿಸಿದ್ದು ಒಂದು ಡಬ್ಬಿ ಮೇಣ ಅಂತಲಾ? ‘ನಿಮಗೋಸ್ಕರನೂ ಒಂಚೂರು ಹೇಳಿದೆ’ ಅನ್ನಿ ಮದಾಂ. ಒಂದೇ ಒಂದು ಮಾತು. ಸುಳ್ಳಾದ್ರೂ ಪರವಾಗಿಲ್ಲ.”

ನಿನ್ನೆ ಅಷ್ಟು ಜನರೆದುರು ನಡುಗದ ಲಿಯೊಂತೀನಳ ದನಿ ಈಗ ನಡುಗಿತು. “ಸುಳ್ಳು ಬೇಕಾದ್ರೆ ಮೂರನೇ ಮಹಡಿಗೆ ಹೋಗು, ಅಲ್ಲಿ ಚೆನ್ನಾಗಿ ಮಾಡ್ತಾರೆ. ನಿಮ್ಮನೆಯವರಿಗಾಗಿ ನನ್ನ ಬಾಯಿಂದ ಒಂದು ಸುಳ್ಳು ಬಂತು, ಅದರಿಂದ ನೀವು ಬದುಕಿದ್ದೀರ. ಎರಡನೇದು ನನ್ನ ಕೈಲಾಗಲ್ಲ.”

ಪೆರ್ಲಾ ಮೂರನೇ ಮಹಡಿಗೆ ಹೋಗಲಿಲ್ಲ, ಬೀದಿಗೂ ಇಳಿಯಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಲಿಯೊಂತೀನ್ ಎದುರಿಗೆ ನಿಂತು ಸಮಾಧಾನದ ಮಾತಿಗಾಗಿ ತಡಕಾಡಿದಳು, ಸಿಕ್ಕಿದ್ದೆಲ್ಲ ಸುಳ್ಳಾಗಿದ್ದರಿಂದ ಸುಮ್ಮನಾದಳು.